ನೈವೇದ್ಯ ಆದ ಮೇಲೆ ಹಾಕುವ ಸಿಹಿ

ಲಾಡುವಿನ ಪಾಕ ಕುದಿಯುತ್ತಿತ್ತು. ಒಂದು ಚಮಚ ಹಾಲು ಬಿಟ್ಟು, ಮೇಲೆ ತೇಲಿ ಬಂದ ಕಪ್ಪು ನೊರೆಯನ್ನು ಸೌಟಿನಲ್ಲಿ ತೆಗೆಯುತ್ತಿದ್ದೆ. ಅಷ್ಟರಲ್ಲಿ ನಡುಮನೆಯಲ್ಲಿ ಫೋನು ಹೊಡೆದುಕೊಂಡಿತು.

ನಾನು ಮಡಿಯಲ್ಲಿದ್ದೆ. ಮಡಿಯಲ್ಲಿ ಫೋನು ಮುಟ್ಟುವುದು ನಮ್ಮ ಅತ್ತೆಯವರ ಕಾನೂನಿನಲ್ಲಿ ಇರಲಿಲ್ಲ. ನಮ್ಮವರಿಗೆ ಆ ವಾರ ಮಧ್ಯಾಹ್ನದ ಪಾಳಿ, ಬೆಳಿಗ್ಗೆ ಮನೆಯಲ್ಲೇ ಇದ್ದರು. ಅವರೇ ಎತ್ತಿಕೊಂಡರು. ಅಲ್ಲಿಂದ ಅವರು ಕೂಗುವುದು, ಒಲೆಯ ಮುಂದಿನಿಂದ ನಾನು ಕೂಗುವುದು. ನನ್ನ ವ್ಯವಹಾರವೆಲ್ಲ ನಡೆದದ್ದು ಹೀಗೆಯೇ.

"ಪೆರಂಬೂರಿನ ಸರೋಜಮ್ಮ ಕಣೇ. ಮುಂದಿನ ಗುರುವಾರ ಮಗಳ ಸೀಮಂತವಂತೆ."

"ಎಷ್ಟು ಎಲೆ ಅಂತ ಕೇಳಿ."

"ನೂರಾ ಹತ್ತು. ಲಾಡು, ಚಿರೋಟಿ. ಆಮೇಲೆ ಸಕ್ಕರೆ ಹಾಕದ ಉಂಡೆ ಇಪ್ಪತ್ತು ಬೇಕಂತೆ, ಬೇರೆ ಡಬ್ಬೀಲಿ. ಮನೇಲಿ ಶುಗರ್ ಇದೆಯಂತೆ."

"ಆಗಲಿ ಅಂತ ಹೇಳಿ," ಎಂದೆ. ಪಾಕ ಎಳೆ ಬರುವ ಹೊತ್ತು. ಬೇರೆ ಮಾತಿಗೆ ಸಮಯವಿರಲಿಲ್ಲ.

ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ಅಷ್ಟರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಆ ಒಂದು 'ಆಗಲಿ'ಯಲ್ಲಿದೆ. ಮೊಣಕಾಲು ಸೋತು ಕೆಲಸ ಬಿಟ್ಟ ಮೇಲೆ, ಮನೆಯಲ್ಲೇ ತಿಂಡಿ ಮಾಡಿ ಮಾರುವ ಕೆಲಸಕ್ಕೆ ಇಳಿಯುತ್ತಿರುವ ಹೆಣ್ಣುಮಕ್ಕಳಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಭಜನೆ ಮಂಡಳಿಯವರು ಕೇಳಿದರು. ಲಾಡುವಿನ ಅಳತೆಯನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಾನು ಕೆಡಿಸಿದ್ದನ್ನು ನಾನೇ ಹೇಳಬೇಕಲ್ಲ.

ನಮ್ಮ ಮನೆ ಚೆನ್ನೈಯ ಉತ್ತರದ ತುದಿಯ ತಿರುವೊಟ್ಟಿಯೂರಿನಲ್ಲಿ. ನಮ್ಮವರು ಮಣಲಿಯ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದರು. ದಕ್ಷಿಣದಿಂದ ಗಾಳಿ ಬೀಸಿದರೆ ಕಾಸಿಮೇಡಿನ ಮೀನಿನ ವಾಸನೆ, ಉತ್ತರದಿಂದ ಬೀಸಿದರೆ ಎಣ್ಣೂರಿನ ಕರೆಂಟು ಸ್ಥಾವರದ ಬೂದಿ. ಮಹಡಿಯ ಮೇಲೆ ಮಡಿ ಸೀರೆ ಒಣಹಾಕಿದರೆ ಸಂಜೆಗೆ ಬೂದು ಬಣ್ಣಕ್ಕೆ ತಿರುಗಿರುತ್ತಿತ್ತು. ಆದ್ದರಿಂದ ಅದನ್ನು ಒಳಗೇ, ಕೋಲಿನಿಂದ ಎತ್ತಿ ಮೇಲಿನ ಬಿದಿರಿಗೆ ಹರಡುತ್ತಿದ್ದೆವು. ಇಂಥ ಊರಲ್ಲೂ ಮಡಿಯಲ್ಲಿ ಅಡುಗೆ ಮಾಡಿಕೊಡುವವರಿದ್ದಾರೆ ಎಂದು ರೈಲ್ವೆಯವರು, ಬ್ಯಾಂಕಿನವರು, ಇನ್ಶೂರೆನ್ಸಿನವರು ಹುಡುಕಿಕೊಂಡು ಬರುತ್ತಿದ್ದರು. ಅದು ದೇವರು ಕೊಟ್ಟ ಮೊದಲನೆಯ ಅನುಕೂಲ. ಎರಡನೆಯದು, ಬೀದಿಯ ಅಡಿಪಂಪಿನಲ್ಲಿ, ಕೈಯಲ್ಲಿ ಒತ್ತಿ ಹೊಡೆಯುವ ಪಂಪಿನಲ್ಲಿ, ನೀರು ಬರುತ್ತಿದ್ದದ್ದು. ಅದರ ಮಾತು ಕೊನೆಗೆ ಬರುತ್ತದೆ.

ಕೆಲಸ ಕಲಿಸಿದವರು ಅತ್ತೆ. ಆಫೀಸಿಗೆ ಹೋಗುವವರಿಗೆ ಮ್ಯಾನೇಜರು ಇದ್ದಹಾಗೆ ನನಗೆ ಅವರು. ಅವರ ಮೊದಲ ಪಾಠ, ನೈವೇದ್ಯಕ್ಕೆ ಮುಂಚೆ ರುಚಿ ನೋಡಕೂಡದು. ನಾಲಗೆಗೆ ತಾಗಿಸುವುದಿರಲಿ, ಬೇಕೆಂದು ಮೂಸಿದರೂ ಅವರಿಗೆ ಅದು ಎಂಜಲೇ. ಉಪ್ಪು, ಹುಳಿ, ಸಿಹಿ ಎಲ್ಲವೂ ಕೈ ಅಂದಾಜು, ಕಣ್ಣು, ಕಿವಿ. ಪಾಕ ಕುದಿಯುವ ಸದ್ದು ದಪ್ಪಗಾದರೆ ಎಳೆ ಬಂತೆಂದು ಅರ್ಥ. ಮದುವೆಗೆ ಬಂದ ತಮಿಳಿನ ಅಡುಗೆಯವರು ಇದನ್ನು ನೋಡಿ, ಮಾಮಿ ಕಣ್ಣು ಕಟ್ಟಿಕೊಂಡು ಸೈಕಲ್ ಬಿಡುತ್ತಾರೆ ಎಂದು ನಗುತ್ತಿದ್ದರು. ಆದರೆ ಒಮ್ಮೆಯೂ ಸೈಕಲ್ ಬಿದ್ದಿರಲಿಲ್ಲ. ಸಕ್ಕರೆ ನಮಗೆ ಎಂದೂ ಮೋಸ ಮಾಡಿರಲಿಲ್ಲ. ಅದಕ್ಕೆ ತೂಕವಿದೆ, ಅಂಟಿದೆ, ಸದ್ದಿದೆ. ಮೂಟೆಯಲ್ಲಿ ಗೋಣಿಯ ನಾರು, ಮಣ್ಣು ಸೇರಿ ಬರುತ್ತಿತ್ತು ನಿಜ. ಒಂದು ಚಮಚ ಹಾಲು ಹಾಕಿದರೆ ಕೊಳೆಯೆಲ್ಲ ತಾನಾಗಿ ಮೇಲೆ ಬಂದು ನಿಲ್ಲುತ್ತಿತ್ತು. ಸಕ್ಕರೆಯ ವಿಷಯದಲ್ಲಿ ಅಷ್ಟು ಜಾಗ್ರತೆ ಸಾಕು ಎಂದುಕೊಂಡಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದ ಹಾಗೆ ಆರ್ಡರ್ ಕೊಡುವವರ ಮಾತು ಬದಲಾಯಿತು. ಮೊದಲು 'ಸಿಹಿ ಸ್ವಲ್ಪ ಮುಂದಾಗಿರಲಿ' ಎನ್ನುತ್ತಿದ್ದವರು ಈಗ ದನಿ ತಗ್ಗಿಸಿ, 'ನಮಗೆ ಶುಗರ್, ಏನಾದರೂ ಮಾಡಿಕೊಡಿ' ಎನ್ನತೊಡಗಿದರು. ಮೊದಲು ಹಾಗೆ ಬಂದವರು ನಮ್ಮ ಬೀದಿಯ ಗುಂಡೂರಾಯರು. ಬ್ಯಾಂಕಿನಿಂದ ನಿವೃತ್ತರಾದವರು, ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದವರು. ಸಕ್ಕರೆ ಪೂರ್ತಿ ಬಿಟ್ಟುಬಿಟ್ಟಿದ್ದೇನೆ ಎಂದರು. ಬೆಲ್ಲ ತಿನ್ನಬಹುದಲ್ಲ ಎಂದು ನಾನೇ ಧೈರ್ಯ ಹೇಳಿದೆ. ನಮ್ಮ ತಾಯಿಯೂ ಹಾಗೇ ಹೇಳುತ್ತಿದ್ದರು, ಅವರ ತಾಯಿಯೂ ಹೇಳಿರಬೇಕು. ದಿನಕ್ಕೆ ಎರಡರ ಹಾಗೆ ಒಂದು ತಿಂಗಳು ಬೆಲ್ಲದ ಒಬ್ಬಟ್ಟು ಕೊಟ್ಟೆ. ತಿಂಗಳ ಕೊನೆಗೆ ರಾಯರು ರಕ್ತಪರೀಕ್ಷೆಯ ಚೀಟಿ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತರು.

"ನೋಡಿ ಪದ್ಮಮ್ಮ, ನೀವು ಹೇಳಿದಿರಿ, ನಾನು ಕೇಳಿದೆ. ಬೆಲ್ಲಕ್ಕೆ ಯಾರೂ ಹೇಳಿರಲಿಲ್ಲ, ತಾನು ಸಕ್ಕರೆ ಅಲ್ಲ ಅಂತ."

ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಬೆಲ್ಲ, ಜೇನುತುಪ್ಪ, ಕಲ್ಲುಸಕ್ಕರೆ, ಯಾವ ಹೆಸರಲ್ಲಿ ಹೋದರೂ ರಕ್ತ ಒಂದೇ ಲೆಕ್ಕ ಹಿಡಿಯುತ್ತದೆ ಎಂದು ಆವತ್ತು ನಮ್ಮವರು ಬಿಡಿಸಿ ಹೇಳಿದರು. ಮುಂಚೆಯೇ ಯಾಕೆ ಹೇಳಲಿಲ್ಲ ಎಂದರೆ, ನೀನು ಕೇಳಲಿಲ್ಲವಲ್ಲ ಎಂದರು. ಗಂಡಸರ ವಿದ್ಯೆ ಯಾವಾಗಲೂ ಹೀಗೆ, ಕಾಯಿಲೆ ಬಂದ ಮೇಲೆ ಡಬ್ಬಿಯಿಂದ ಹೊರಗೆ ಬರುತ್ತದೆ.

ಪ್ರಾಯಶ್ಚಿತ್ತಕ್ಕೆಂದು ರಾಯರಿಗೆ ಮಾತ್ರೆ ಸಿಹಿ ಹಾಕಿ ಪಾಯಸ ಮಾಡಿಕೊಡಲು ಹೊರಟೆ. ಔಷಧದಂಗಡಿಯಲ್ಲಿ ಆಗ ಎರಡು ಬಗೆ ಸಿಗುತ್ತಿತ್ತು. ಹಳೆಯದು ಸ್ಯಾಕರಿನ್, ಹೊಸದು ಆಸ್ಪರ್ಟೇಮ್. ಹೊಸದನ್ನು ತಂದೆ. ಮನೆಗೆ ಆ ಡಬ್ಬಿ ಬಂದದ್ದೇ ದೊಡ್ಡ ರಾಮಾಯಣವಾಯಿತು. ಅತ್ತೆ ಒಂದು ಮಾತ್ರೆಯನ್ನು ಹಿತ್ತಿಲ ಗೋಡೆಯ ಮೇಲೆ, ಇರುವೆ ಸಾಲಿನ ಪಕ್ಕದಲ್ಲಿ ಇಟ್ಟು ಕಾದರು. ಇರುವೆಗಳು ಸುತ್ತು ಹಾಕಿಕೊಂಡು ಹೋದವು.

"ಇರುವೆ ಬೇಡ ಅಂದದ್ದನ್ನ ಮನುಷ್ಯರು ತಿನ್ನಬೇಕೇನೋ?" ಎಂದು ಮಗನನ್ನು ಕೇಳಿದರು.

"ಇರುವೆ ಉಪ್ಪನ್ನೂ ಬೇಡ ಅನ್ನುತ್ತೆ ಅಮ್ಮ. ನಾಳೆಯಿಂದ ಸಾರಿಗೆ ಉಪ್ಪು ಬಿಟ್ಟುಬಿಡೋಣವೇ?"

"ಇದು ಕಾರ್ಖಾನೆ ಸಾಮಾನು."

"ಸಕ್ಕರೆ ಏನು ಗಿಡದಲ್ಲಿ ಬಿಳೀಗೆ ಬಿಡುತ್ತಾ? ಗಂಧಕದ ಹೊಗೆ ಕೊಟ್ಟು ಬಿಳಿ ಮಾಡ್ತಾರೆ. ಎಲ್ಲದಕ್ಕೂ ಒಂದು ಅಳತೆ ಇರುತ್ತೆ. ಅಳತೆ ಒಳಗಿದ್ದರೆ ಭಯವಿಲ್ಲ."

ಅತ್ತೆ ಒಪ್ಪಲಿಲ್ಲ, ಆದರೆ ಸುಮ್ಮನಾದರು. ನಾನು ಹಾಲು, ಶಾವಿಗೆ ಕುದಿಯುವಾಗಲೇ ಲೆಕ್ಕದ ಪ್ರಕಾರ ಮಾತ್ರೆ ಹಾಕಿ ಚೆನ್ನಾಗಿ ಮರಳಿಸಿದೆ. ರುಚಿ ನೋಡುವಂತಿಲ್ಲ. ನೈವೇದ್ಯ ಮಾಡಿ, ರಾಯರಿಗೆ ಲೋಟದಲ್ಲಿ ಕೊಟ್ಟೆ. ಅವರು ಅರ್ಧ ಕುಡಿದು, ಬಾಯಿ ಒರೆಸಿಕೊಂಡು, "ಹುಳಿ ಚೆನ್ನಾಗಿದೆ, ಒಗ್ಗರಣೆ ಒಂದು ಮರೆತಿದ್ದೀರಿ," ಎಂದರು. ಆಮೇಲೆ ನಮ್ಮವರು ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದರೆ, ಇದನ್ನು ಕುದಿಸಬೇಡಿ, ಬೆಂಕಿಗೆ ಸಿಹಿ ಹೋಗುತ್ತದೆ ಎಂದು ಅಲ್ಲೇ ಬರೆದಿತ್ತು. ಅಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಅದನ್ನು ನಾನು ಡಬ್ಬಿ ಒಡೆಯದಿರಲೆಂದು ಸುತ್ತಿದ ಕಾಗದ ಎಂದುಕೊಂಡಿದ್ದೆ.

ಸರೋಜಳ ಫೋನು ಬಂದದ್ದು ಇದಾದ ಒಂದು ತಿಂಗಳಿಗೆ.

ಸಕ್ಕರೆ ಹಾಕದ ಉಂಡೆ ಎಂದ ತಕ್ಷಣ ನನ್ನ ಕಣ್ಣಿಗೆ ಬಂದವರು ಸರೋಜಳ ಮಾವನವರು. ಎಂಬತ್ತು ದಾಟಿದವರು. ಶುಗರ್ ಎಂದರೆ ಗುಂಡೂರಾಯರಂಥ ವಯಸ್ಸಾದ ಗಂಡಸರ ಕಾಯಿಲೆ ಎಂಬುದು ನನ್ನ ತಿಳಿವಳಿಕೆ. ಕೇಳಬೇಕು ಎಂದು ಹೊಳೆಯಲೇ ಇಲ್ಲ. ಎಷ್ಟು ಎಲೆ ಎಂದು ಕೇಳಿದ್ದೆ, ಯಾರ ಎಲೆ ಎಂದು ಕೇಳಿರಲಿಲ್ಲ.

ಪಾಯಸದ ಅವಮಾನದ ಮೇಲೆ ಹೊಸ ಮಾತ್ರೆಯ ಮೇಲೆ ನನಗೆ ನಂಬಿಕೆ ಹೋಗಿತ್ತು. ಬೆಂಕಿಗೆ ಜಗ್ಗುವುದಿಲ್ಲ ಎಂದು ಅಂಗಡಿಯವನು ಹೇಳಿದ ಸ್ಯಾಕರಿನ್ ತರಿಸಿದೆ. ಹುರಿಗಡಲೆ ಹಿಟ್ಟಿನ ಉಂಡೆ, ಇಲ್ಲಿಯವರು ಮಾಲಾಡು ಎನ್ನುತ್ತಾರಲ್ಲ, ಅದು ಮಾಡುವುದೆಂದು ತೀರ್ಮಾನಿಸಿದೆ. ಸಕ್ಕರೆ ಬಿಟ್ಟರೆ ಉಂಡೆಯ ಗಾತ್ರ ಅರ್ಧಕ್ಕಿಳಿಯಿತು. ಆ ಜಾಗಕ್ಕೆ ಇನ್ನಷ್ಟು ಹಿಟ್ಟು ತುಂಬಿದೆ. ಒಂದು ಮಾತ್ರೆ ಒಂದು ಚಮಚ ಸಕ್ಕರೆಗೆ ಸಮ ಎಂದು ಬರೆದಿದ್ದರು. ಚಮಚದ ಲೆಕ್ಕದಲ್ಲಿ ಮಾತ್ರೆ ಎಣಿಸಿ ಕುಟ್ಟಿ ಪುಡಿ ಮಾಡಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ರಾಯರ 'ಹುಳಿ' ನೆನಪಾಯಿತು. ಮೇಲೊಂದು ಹಿಡಿ ಮಾತ್ರೆ ಕುಟ್ಟಿ ಸೇರಿಸಿದೆ. ಸಕ್ಕರೆಯಲ್ಲಾದರೆ ಒಂದು ಹಿಡಿ ಹೆಚ್ಚಾದರೆ ಸಿಹಿ ಹೆಚ್ಚುತ್ತದೆ, ಅಷ್ಟೆ. ಈ ಸಾಮಾನು ಒಂದು ಗೆರೆ ದಾಟಿದರೆ ಕಹಿಯಾಗುತ್ತದೆ ಎಂದು ನನಗೇನು ಗೊತ್ತು? ನಾಲಗೆಗೆ ಒಂದು ಚೂರು ತಾಗಿಸಿದ್ದರೆ ಗೊತ್ತಾಗುತ್ತಿತ್ತು. ಅದೇ ತಾನೇ ಕೂಡದ್ದು.

ಸೀಮಂತ ಪೆರಂಬೂರಿನ ಒಂದು ಛತ್ರದಲ್ಲಿ. ಅತ್ತೆಯವರೂ ನಾನೂ ಹೋಗಿದ್ದೆವು. ಸರೋಜಳ ಮಗಳು ವಿದ್ಯಾ ಹಸಿರು ಸೀರೆಯಲ್ಲಿ, ಕೈತುಂಬ ಬಳೆ ಹಾಕಿಕೊಂಡು ಕೂತಿದ್ದಳು. ಮೊದಲನೆಯ ಬಸುರು ಮೂರು ತಿಂಗಳಿಗೇ ಹೋಗಿತ್ತು. ಹಾಗಾಗಿ ಈ ಸಲ ಎಲ್ಲರಿಗೂ ಒಂದು ಕಣ್ಣು ಅವಳ ಮೇಲೆಯೇ. ದೇವರಿಗೆ ನೈವೇದ್ಯವಾಯಿತು, ಎಲೆ ಹಾಕಿದರು. ಸರೋಜ ಆ ಬೇರೆ ಡಬ್ಬಿಯನ್ನು ತೆರೆದು ಮೊದಲನೆಯ ಉಂಡೆಯನ್ನು ವಿದ್ಯಾಳ ಎಲೆಗೆ ಇಟ್ಟಳು.

ನಾನು ಹತ್ತಿರ ಹೋಗಿ, ಅದು ನಿಮ್ಮ ಮಾವನವರಿಗಲ್ಲವೇ ಎಂದು ಕೇಳಿದೆ.

"ಮಾವನವರಿಗೆ ಎಲ್ಲಿ ಶುಗರ್ ಪದ್ಮಕ್ಕ? ಅವರು ಈಗಲೂ ನಾಲ್ಕು ಲಾಡು ತಿಂತಾರೆ. ವಿದ್ಯಾಗೇ ಬಂದಿರೋದು. ಬಸುರಲ್ಲಿ ಕೆಲವರಿಗೆ ಬರುತ್ತಂತೆ, ಹೆರಿಗೆ ಆದ ಮೇಲೆ ಹೋಗುತ್ತಂತೆ."

ಅಷ್ಟರಲ್ಲಿ ವಿದ್ಯಾ ಕಚ್ಚಿಯಾಗಿತ್ತು. ಅವಳ ಮುಖ ಹುಣಿಸೆಕಾಯಿ ಕಚ್ಚಿದ ಕೂಸಿನ ಹಾಗಾಯಿತು. ಬಾಯಿಗೆ ಸೆರಗು ಒತ್ತಿಕೊಂಡು, ಆ ಹೊಟ್ಟೆ ಹೊತ್ತುಕೊಂಡೇ ನಲ್ಲಿಯ ಹತ್ತಿರ ಹೋಗಿ ಉಗಿದಳು, ಮುಕ್ಕಳಿಸಿದಳು. ಚೆನ್ನೈಯಲ್ಲೇ ಓದಿದ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು.

"ಒರೇ ಕಸಪ್ಪು ಮಾಮಿ! ಬೇವಿನಕಾಯಿ ಉಂಡೇನಾ ಇದು?" ಎಂದು ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು.

ಅವಳು ನಕ್ಕಳು, ಪಂಕ್ತಿ ನಗಲಿಲ್ಲ. ಸೀಮಂತದ ಎಲೆಯಲ್ಲಿ ಬಸುರಿಯ ಮೊದಲ ತುತ್ತು ಕಹಿ. ಅವಳ ಅತ್ತೆ ಮನೆಯ ಕಡೆಯ ಇಬ್ಬರು ಹಿರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರೋಜಳ ಮುಖ ಬಿಳಿಚಿತು. ನಾನು ನಿಂತಲ್ಲೇ ನೆಲಕ್ಕಿಳಿದು ಹೋದರೆ ಸಾಕು ಎನಿಸಿತು. ಆಗ ನಮ್ಮ ಅತ್ತೆ, ಮಡಿಯ ವಿಷಯದಲ್ಲಿ ನನಗೆ ಒಂದು ದಿನವೂ ಸಡಿಲ ಬಿಟ್ಟವರಲ್ಲ, ಎದ್ದು ಹೋಗಿ ಆ ಡಬ್ಬಿಯನ್ನು ತಮ್ಮ ಸೆರಗಿನಡಿ ಇಟ್ಟುಕೊಂಡು ಗಟ್ಟಿಯಾಗಿ ಹೇಳಿದರು.

"ಇಷ್ಟು ಕಳೆಕಳೆಯಾಗಿ ಕೂತಿದ್ದಾಳೆ, ಯಾರ ಕಣ್ಣು ಬೀಳುತ್ತೋ ಅಂತ ನಾನೇ ನೋಡ್ತಿದ್ದೆ. ಸದ್ಯ, ಕಹಿ ಬಿತ್ತು, ದೃಷ್ಟಿ ಹೋಯ್ತು. ಬಡಿಸಿ, ಬಡಿಸಿ, ಅನ್ನ ಆರುತ್ತೆ."

ಆ ಹಿರಿಯರು ಹೌದಲ್ಲ ಎಂದು ತಲೆಯಾಡಿಸಿದರು. ಊಟ ಸಾಗಿತು. ಅಂಥ ಶಾಸ್ತ್ರ ಎಲ್ಲಿದೆ ಎಂದು ನಾನು ಬಸ್ಸಿನಲ್ಲಿ ಕೇಳಿದೆ. "ಇವತ್ತು ಅಲ್ಲಿ ಇತ್ತು," ಎಂದರು ಅತ್ತೆ.

ಮನೆಗೆ ಬಂದ ಮೇಲೆ ಸ್ಯಾಕರಿನ್ ಡಬ್ಬಿಯ ಚೀಟಿಯನ್ನು ನಮ್ಮವರ ಕೈಗೆ ಕೊಟ್ಟು ಓದಿ ಹೇಳಿ ಎಂದೆ. ಮಕ್ಕಳಿಗೆ ಬೇಡ ಎಂದಿತ್ತು. ಬಸುರಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು ಎಂದೂ ಇತ್ತು. ಓದಿದವರು ಚೀಟಿಯನ್ನು ಮಡಿಸಿ ನನ್ನ ಕೈಗೆ ವಾಪಸು ಕೊಟ್ಟರು. ನಾನು ದೇವರ ಮುಂದೆ ಹೋಗಿ ಕೂತೆ. ಮೊದಲೇ ಒಂದು ಕಳೆದುಕೊಂಡ ಹುಡುಗಿ. ಅವಳು ಉಗಿದದ್ದನ್ನು ನಾನೇ ನೋಡಿದ್ದೆ, ಆದರೆ ಚೂರಾದರೂ ನುಂಗಿರಲೇಬೇಕಲ್ಲ. ಮಗುವಿಗೆ ಏನಾದರೂ ಆದರೆ? ಯಾರಿಗೂ ಹೇಳದೆ ಇದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು. ಬಂದದ್ದನ್ನು ಬರಲಿಲ್ಲ ಎಂದು ಯಾಕೆ ಬರೆಯಲಿ?

ಮರುದಿನ ಬೆಳಿಗ್ಗೆ, ಉಳಿದ ಉಂಡೆಗಳ ಡಬ್ಬಿ, ಆ ಚೀಟಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಪೆರಂಬೂರಿಗೆ ಹೋದೆ. ಸರೋಜಳಿಗೆ ಎಲ್ಲ ಹೇಳಿದೆ, ಯಾವ ಮಾತ್ರೆ, ಎಷ್ಟು, ಯಾರಿಗೆಂದು ಕೇಳದೆ ಹಾಕಿದ್ದು. ಅವಳು ಡಬ್ಬಿಯ ಮುಚ್ಚಳ ಒತ್ತಿ ಪಕ್ಕಕ್ಕಿಟ್ಟಳು. ಆಮೇಲೆ, "ನಾನೂ ಹೇಳಲಿಲ್ಲವಲ್ಲ ಅಕ್ಕ. ನಾಲ್ಕು ಜನಕ್ಕೆ ಗೊತ್ತಾಗೋದು ಬೇಡ ಅಂತ ಫೋನಲ್ಲಿ ಮುಚ್ಚಿ ಹೇಳಿದೆ," ಎಂದು ಅತ್ತಳು. ಇಬ್ಬರೂ ಅತ್ತೆವು. ಒಳಗಿನಿಂದ ಬಂದ ವಿದ್ಯಾ ನಮ್ಮಿಬ್ಬರನ್ನೂ ನೋಡಿ, ಮೊದಲು ಡಾಕ್ಟರ ಹತ್ತಿರ ಹೋಗೋಣ, ಅಪ್ಪುರಂ, ಆಮೇಲೆ ಅಳುವಿರಂತೆ ಎಂದಳು. ಅದೇ ಸರಿಯಾದ ಮಾತು.

ಡಾಕ್ಟರಮ್ಮ ತಮಿಳಿನವರು, ಕಟ್ಟುನಿಟ್ಟಿನವರು. ಚೀಟಿ ಓದಿದರು. ಡಬ್ಬಿ ತೆಗೆದು ಉಂಡೆಯ ಒಂದು ಕಾಳಿನಷ್ಟು ಮುರಿದು ಬಾಯಿಗೆ ಹಾಕಿಕೊಂಡರು. ನಾನು ಕಣ್ಣು ಮುಚ್ಚಿಕೊಂಡೆ. ಅವರು ಮೇಜಿನ ಮೇಲಿದ್ದ ನೀರನ್ನೆಲ್ಲ ಕುಡಿದು, ತಮಿಳಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಇದನ್ನು ಯಾರೂ ಒಂದು ಚಿಟಿಕೆಗಿಂತ ಹೆಚ್ಚು ನುಂಗಲಾರರು ಮಾಮಿ. ಅಷ್ಟರಿಂದ ಏನೂ ಆಗುವುದಿಲ್ಲ. ನೀವು ಅಳತೆ ಸರಿಯಾಗಿ ಹಾಕಿ ರುಚಿಯಾಗಿ ಮಾಡಿದ್ದರೆ ಇವಳು ನಾಲ್ಕು ತಿಂದಿರುತ್ತಿದ್ದಳು."

ಆ ಮಾತ್ರೆ ತಾಯಿಯಿಂದ ಮಗುವಿಗೆ ಹೋಗುತ್ತದೆ, ಅಲ್ಲಿಂದ ಬೇಗ ಹೊರಗೆ ಬರುವುದಿಲ್ಲ, ಆದ್ದರಿಂದ ಬಸುರಿನಲ್ಲಿ ಬೇಡ ಎನ್ನುತ್ತೇವೆ ಎಂದು ವಿವರಿಸಿದರು. ಆಸ್ಪರ್ಟೇಮ್ ಆದರೆ ಅಳತೆಯಲ್ಲಿ ಪರವಾಗಿಲ್ಲ. ಆದರೆ ಹುಟ್ಟಿನಿಂದಲೇ ಅದು ಒಗ್ಗದ ಒಂದು ಅಪರೂಪದ ಕಾಯಿಲೆ ಇರುವವರಿಗೆ ಅದೂ ಕೂಡದು, ಅದಕ್ಕೇ ಡಬ್ಬಿಯ ಮೇಲೆ ಬರೆದಿರುತ್ತಾರೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಸಕ್ಕರೆ ತೆಗೆದು ಆ ಜಾಗಕ್ಕೆ ಏನು ತುಂಬಿದಿರಿ ಎಂದು ಕೇಳಿದರು. ಹಿಟ್ಟು ಎಂದೆ. ಹಿಟ್ಟು ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ, ಮೇಲೆ ತುಪ್ಪ ಬೇರೆ, ಸಕ್ಕರೆ ಇಲ್ಲವೆಂದು ಬರೆದ ಮಾತ್ರಕ್ಕೆ ಎಷ್ಟು ಬೇಕಾದರೂ ತಿನ್ನಬಹುದು ಎಂದು ಯಾರು ಹೇಳಿದರು ಎಂದರು. ಬೆಲ್ಲದ ಪಾಠವನ್ನೇ ನಾನು ಎರಡನೆಯ ಸಲ ಓದಿದ ಹಾಗಾಯಿತು.

ಭಗವಂತನ ದಯೆ ಎಲ್ಲಿ ಅಡಗಿರುತ್ತದೆ ನೋಡಿ. ರುಚಿ ನೋಡದೆ ಮಾಡಿದ್ದರಿಂದ ಕೆಟ್ಟಿತು. ಅಷ್ಟು ಕೆಟ್ಟದ್ದರಿಂದಲೇ ಹುಡುಗಿ ಉಗಿದಳು. ಹೀಗೆ ಕಾಪಾಡಿದನಲ್ಲ ಎಂದು ನಾನು ಮತ್ತೆ ಹಿಡಿ ತುಂಬ ಹಾಕಲು ಹೋಗಲಿಲ್ಲ. ಒಂದು ಸಲ ಕಾಪಾಡಿದ್ದೇ ಹೆಚ್ಚು.

ಡಾಕ್ಟರು ಏನೂ ಆಗುವುದಿಲ್ಲ ಎಂದರೂ ಮನಸ್ಸಿಗೆ ಒಂದು ಮುಳ್ಳು ಇದ್ದೇ ಇತ್ತು. ವಿದ್ಯಾಳಿಗೆ ಸುಖವಾಗಿ ಹೆರಿಗೆಯಾಗುವವರೆಗೆ ನಾನು ಸಕ್ಕರೆ ತಿನ್ನುವುದಿಲ್ಲ ಎಂದು ಹರಕೆ ಹೊತ್ತೆ. ಮಾರನೆಯ ದಿನ ಯಾವುದೋ ಯೋಚನೆಯಲ್ಲಿ ಮನೆಯವರೆಲ್ಲರಿಗೂ ಸಕ್ಕರೆ ಹಾಕದ ಕಾಫಿ ಕೊಟ್ಟೆ. ಅತ್ತೆ ಒಂದು ಗುಟುಕು ಕುಡಿದು ಲೋಟ ಇಟ್ಟು, ಹರಕೆ ಹೊತ್ತವಳು ನೀನು, ತೀರಿಸುವವರು ನಾವೇನು ಎಂದರು.

ಮತ್ತೆ ಯಾವ ಮಾತ್ರೆ ಸಿಹಿಯನ್ನೂ ಮುಟ್ಟುವುದಿಲ್ಲ ಎಂದೇ ಇದ್ದೆ. ಬಿಡಲಿಲ್ಲ ವಿದ್ಯಾ. ಸಿಹಿ ತಿನ್ನುವ ಬಯಕೆ, ಡಾಕ್ಟರು ಊಟದ ಜೊತೆ ಅರ್ಧ ಲೋಟ ಪಾಯಸಕ್ಕೆ ಒಪ್ಪಿದ್ದಾರೆ, ಮಾಮಿಯೇ ಮಾಡಬೇಕು ಎಂದು ಹೇಳಿ ಕಳಿಸಿದಳು. ನಂಬಿದಳಲ್ಲ ಎಂದು ಸಂತೋಷ, ಮಾಡುವುದು ಹೇಗೆ ಎಂದು ದಿಗಿಲು. ಅವಳಿಗೆ ಆಗುವುದು ಆಸ್ಪರ್ಟೇಮ್ ಒಂದೇ, ಅದನ್ನು ಕುದಿಯುವಾಗ ಹಾಕಿದರೆ ಸಿಹಿ ಹೋಗುತ್ತದೆ. ಅಳತೆ ಸರಿಯೇ ಎಂದು ನೋಡೋಣವೆಂದರೆ ನೈವೇದ್ಯಕ್ಕೆ ಮುಂಚೆ ನಾಲಗೆ ಮುಟ್ಟಿಸುವಂತಿಲ್ಲ. ಅಡುಗೆಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತೆ. ಅತ್ತೆ ಬತ್ತಿ ಹೊಸೆಯುತ್ತಿದ್ದರು.

"ಅದನ್ನ ದೇವರಿಗೆ ಯಾಕೆ ಕೊಡ್ತೀಯೇ? ಅವನಿಗೇನು ಶುಗರ್ ಇದೆಯೇ?"

"ಮತ್ತೆ?"

"ಅವನಿಗೆ ಹಾಲು, ಏಲಕ್ಕಿ, ಮೇಲೆ ಒಂದು ಹರಳು ಕಲ್ಲುಸಕ್ಕರೆ ಸಾಕು. ನೈವೇದ್ಯ ಆಗಲಿ, ಆರಲಿ. ಆಮೇಲೆ ಅವಳ ಲೋಟಕ್ಕೆ ನಿನ್ನ ಮಾತ್ರೆ ಹಾಕು. ಅದು ಔಷಧಿ. ಔಷಧಿಗೆ ಯಾರು ನೈವೇದ್ಯ ಮಾಡ್ತಾರೆ?"

ನಮ್ಮವರು ಪೇಪರ್ ಓದುತ್ತಿದ್ದವರು ತಲೆ ಎತ್ತಿದರು. ಚೀಟಿಯಲ್ಲೂ ಅದನ್ನೇ ಬರೆದಿದೆ ಅಮ್ಮ, ಆರಿದ ಮೇಲೆ ಹಾಕಿ ಅಂತ, ಎಂದರು. ಅಕ್ಷರ ಬಾರದ ಅತ್ತೆ, ಪ್ರಯೋಗಾಲಯದ ಮಗ, ಇಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. ನೈವೇದ್ಯ ಆದಮೇಲೆ ಅದು ಪ್ರಸಾದ, ಧಾರಾಳವಾಗಿ ರುಚಿ ನೋಡಬಹುದು. ಅರ್ಧ ಲೋಟ ಹೆಸರುಬೇಳೆ ಪಾಯಸ, ಒಂದು ಮಾತ್ರೆ, ನಾಲಗೆಗೆ ಒಂದು ಹನಿ. ಸಾಲದೆಂದು ಅರ್ಧ ಮಾತ್ರೆ, ಮತ್ತೆ ಒಂದು ಹನಿ. ಹದಿನಾಲ್ಕು ವರ್ಷದಿಂದ ಸಿಹಿ ಮಾಡುತ್ತಿದ್ದ ನಾನು ಮಾಡುತ್ತ ಮಾಡುತ್ತ ರುಚಿ ನೋಡಿದ್ದು ಅದೇ ಮೊದಲು. ಎಂಥ ಸುಖ ಅಂತೀರಿ! ಎರಡು ಹನಿ ಸಾಕಿತ್ತು, ಐದು ನೋಡಿದೆ. ಅದು ಸಕ್ಕರೆಯಲ್ಲವಾದ್ದರಿಂದ ಹರಕೆಗೂ ಭಂಗವಿಲ್ಲ ಎಂದುಕೊಂಡೆ. ಮೇಲೆ ಒಂದು ಹರಳು ಕಲ್ಲುಸಕ್ಕರೆ ಇತ್ತಲ್ಲ ಎಂದು ಆಮೇಲೆ ನೆನಪಾಯಿತು. ದೇವರು ಅದನ್ನು ಹಿಡಿಯಲಿಲ್ಲ.

ವಿದ್ಯಾ ಆ ಲೋಟವನ್ನು ಬೆರಳಲ್ಲಿ ತೋಡಿ ತಿಂದಳು ಎಂದು ಸರೋಜ ಹೇಳಿದಳು.

ಮುಂದೆ ಆ ಪದ್ಧತಿಯೇ ನನ್ನ ಪದ್ಧತಿಯಾಯಿತು. ಎರಡು ಸಾವಿರ ದಾಟಿದ ಮೇಲೆ ಶುಗರ್ ಡಬ್ಬಿ ಕೇಳದ ಮದುವೆಯೇ ಇರಲಿಲ್ಲ. ಬರಬರುತ್ತ ಬೆಂಕಿ ತಾಳುವ ಸುಕ್ರಲೋಸ್ ಬಂತು, ಪುಡಿಯಲ್ಲೇ ಸಿಕ್ಕಿತು. ಚೀಟಿಯ ಅಕ್ಷರ ಮಾತ್ರ ದೊಡ್ಡದಾಗಲಿಲ್ಲ. ನಾನು ಔಷಧಿ ಎಂಬ ಅತ್ತೆಯ ಮಾತನ್ನು ಬಿಡಲಿಲ್ಲ. ಔಷಧಿಯಾದರೆ ಅಳೆಯುತ್ತೇವೆ, ಯಾರಿಗೆ ಎಂದು ಕೇಳುತ್ತೇವೆ, ಚಿಕ್ಕ ಮಕ್ಕಳ ಕೈಗೆ ಸಿಗದ ಹಾಗೆ ಇಡುತ್ತೇವೆ. ಇಷ್ಟು ಮಾಡಿದರೆ ಅದಕ್ಕೆ ಹೆದರಬೇಕಾಗಿಲ್ಲ. ಇಂಥವರಿಗಾಗಿ ಮಾಡಿದ್ದು, ಇಂಥದ್ದು ಹಾಕಿದೆ ಎಂದು ಪ್ರತಿ ಡಬ್ಬಿಯ ಮೇಲೂ ತಮಿಳಿನಲ್ಲಿ, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ. ನಿಜವಾದ ಸಕ್ಕರೆ ತಿನ್ನುವವರಿಗೂ ಉಂಡೆಯನ್ನು ನಿಂಬೆಕಾಯಿ ಗಾತ್ರಕ್ಕೆ ಇಳಿಸಿದೆ. ಜಿಪುಣಿ ಎಂದವರುಂಟು. ಗುಂಡೂರಾಯರು ಮಾತ್ರ ನನ್ನ ಪಕ್ಷ. ತಿಂಗಳಿಗೊಂದು ಒಬ್ಬಟ್ಟು, ಅದೂ ಅರ್ಧ, ತಿಂದಮೇಲೆ ಕಡಲ ದಂಡೆಯವರೆಗೆ ಕೊಡೆ ಹಿಡಿದು ನಡಿಗೆ. ಎಂಬತ್ತೆಂಟರವರೆಗೆ ಹಾಗೆ ನಡೆದರು.

ವಿದ್ಯಾಳ ಮಾತು ಅರ್ಧಕ್ಕೆ ನಿಲ್ಲಿಸಿದ್ದೇನೆ, ಮುಗಿಸಿಬಿಡುತ್ತೇನೆ.

ಸೀಮಂತವಾಗಿ ಒಂದೂವರೆ ತಿಂಗಳಾಗಿತ್ತು. ಬೆಳಿಗ್ಗೆ ಎಂಟು ಗಂಟೆ. ನಮ್ಮವರು ಮೊದಲ ಪಾಳಿಗೆ ಮಣಲಿಗೆ ಹೋಗಿಯಾಗಿತ್ತು. ನಾನು ಮಡಿಯಲ್ಲಿ ಚಿರೋಟಿಯ ಹಿಟ್ಟು ಕಲಸುತ್ತಿದ್ದೆ, ಅತ್ತೆ ದೇವರ ಮುಂದೆ ಕೂತಿದ್ದರು. ಫೋನು ಹೊಡೆದುಕೊಂಡಿತು. ಎತ್ತುವವರಿಲ್ಲ. ನಿಂತಿತು. ಮತ್ತೆ ಹೊಡೆದುಕೊಂಡಿತು.

ಆ ಹೊತ್ತಿಗೆ ಬೇರೆ ಯಾರು ಮಾಡುತ್ತಾರೆ? ಹಿಟ್ಟಿನ ಕೈಯಲ್ಲೇ ಎದ್ದೆ. ಅತ್ತೆಯ ಕಡೆ ನೋಡಲಿಲ್ಲ. ಹೋಗಿ ಎತ್ತಿಕೊಂಡೆ.

"ಪದ್ಮಕ್ಕ," ಎಂದಳು ಸರೋಜ. ಆಸ್ಪತ್ರೆಯ ಫೋನು, ಹಿಂದೆ ಗದ್ದಲ. "ಹೆಣ್ಣು. ಮೂರು ಕಿಲೋ ಇದ್ದಾಳೆ. ಇಬ್ಬರೂ ಚೆನ್ನಾಗಿದ್ದಾರೆ. ಕೂಸು ಹೇಗೆ ಕೂಗುತ್ತೆ ಅಂತೀರಿ, ಇಡೀ ವಾರ್ಡಿಗೆ ನಿದ್ದೆಯಿಲ್ಲ. ವಿದ್ಯಾ ಕೇಳು ಅಂದಳು, ನಾಮಕರಣಕ್ಕೆ ಉಂಡೆ ನಿಮ್ಮದೇ. ನಿಜವಾದ ಸಕ್ಕರೆಯದು, ಅವಳಿಗೊಂದು ಚಿಕ್ಕದು. ಡಾಕ್ಟರನ್ನ ಆಗಲೇ ಕೇಳಿದ್ದಾಳೆ."

ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಆದರೂ ಕಲಿತ ಪಾಠ ಬಾಯಿಗೆ ಬಂತು. "ಉಳಿದದ್ದನ್ನ ಯಾರು ಯಾರು ತಿಂತಾರೆ, ಒಬ್ಬೊಬ್ಬರಾಗಿ ಹೇಳು," ಎಂದೆ. ಅವಳು ನಕ್ಕಳು, ಆಮೇಲೆ ನಿಜವಾಗಿಯೂ ಹೆಸರು ಹೇಳತೊಡಗಿದಳು. ನಾನು ನಿಂತು ಕೇಳಿದೆ.

ಫೋನು ಇಟ್ಟು ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. ಫೋನಿನ ಮೇಲೆಲ್ಲ ಹಿಟ್ಟು, ನನ್ನ ಸೆರಗಿನ ಮೇಲೆ ಕಣ್ಣೀರು.

"ಏನಂತೆ?"

"ಹೆಣ್ಣು. ಇಬ್ಬರೂ ಸುಖ."

ಅತ್ತೆ ಎರಡು ಕೈಯನ್ನೂ ಜೋಡಿಸಿ ದೇವರ ಮನೆಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತರು. ಒಳಗೆ ಹೋಗಿ, ದೇವರ ಮುಂದಿದ್ದ ಕಲ್ಲುಸಕ್ಕರೆಯ ಒಂದು ಹರಳು ತಂದು ಕೈ ಚಾಚು ಎಂದರು. ಮೈಲಿಗೆಯ ನನ್ನ ಕೈಗೆ ತಾಗದ ಹಾಗೆ ಮೇಲಿನಿಂದ ಹಾಕಿದರು. ಬಾಯಿಗೆ ಹಾಕಿಕೊಂಡೆ. ಒಂದೂವರೆ ತಿಂಗಳ ಮೇಲಿನ ಸಕ್ಕರೆ. ಅದು ಕರಗುವವರೆಗೂ ಅವರು ನನ್ನನ್ನೇ ನೋಡುತ್ತಿದ್ದರು.

"ಸರಿ," ಎಂದರು ಆಮೇಲೆ. "ಮಡಿ ಹೋಯ್ತು. ಹೋಗು, ಮತ್ತೆ ಸ್ನಾನ ಮಾಡು. ಹಿಟ್ಟು ಬೇರೆ ಕಲಸು."

ತೊಟ್ಟಿಯಲ್ಲಿ ನೀರಿರಲಿಲ್ಲ, ನೀರಿನ ಲಾರಿ ಬರುವುದು ಮಾರನೆಯ ದಿನ. ಬಿಂದಿಗೆ ಎತ್ತಿಕೊಂಡು ಬೀದಿಯ ಅಡಿಪಂಪಿಗೆ ಹೋದೆ. ಎರಡು ಬಿಂದಿಗೆ ಹೊಡೆದು ತಂದು ಸ್ನಾನ ಮಾಡಿ, ಒದ್ದೆ ಸೀರೆಯನ್ನು ಹಿಂಡಿ ಕೋಲಿನಿಂದ ಬಿದಿರಿನ ಮೇಲೆ ಹರಡಿ, ಅಲ್ಲೇ ಒಣಗಿದ್ದ ಇನ್ನೊಂದು ಮಡಿ ಸೀರೆ ಉಟ್ಟುಕೊಂಡು, ಮತ್ತೆ ಚಿರೋಟಿ ರವೆ ಅಳೆದುಕೊಂಡೆ.